ಸಿಂಪಿಗ ಗಂಟು ಹಾಕುವುದಿಲ್ಲ

ಪ್ರಶ್ನೆ: ಮನೆಯ ಹಿಂದಿನ ಕುಂಡದಲ್ಲಿ ಬೆಳೆದ ಬದನೆ ಗಿಡದ ಎರಡು ಎಲೆಗಳನ್ನು ಪುಟ್ಟ ಹಸಿರು ಹಕ್ಕಿಯೊಂದು ಸೇರಿಸಿ ಹೊಲಿದಿದೆ. ಒಳಗೆ ಹತ್ತಿ ತುಂಬಿದೆ. ದಾರದ ತುದಿಗೆ ಅದು ಗಂಟು ಹಾಕುವುದು ಹೇಗೆ? ಇಷ್ಟು ತೂತು ಕೊರೆದರೂ ಎಲೆ ಒಣಗುವುದಿಲ್ಲವೇ? ಈ ವಿದ್ಯೆಯನ್ನು ಅದಕ್ಕೆ ಕಲಿಸುವವರು ಯಾರು? ಒಂದು ಎಲೆ ಹಳದಿಯಾಗುತ್ತಿರುವಂತೆ ಕಾಣುತ್ತಿದೆ, ನಾನೇ ದಾರ ಕಟ್ಟಿ ಭದ್ರಪಡಿಸಬಹುದೇ? ಹಕ್ಕಿಗೆ ಅನುಕೂಲವಾಗಲೆಂದು ಹತ್ತಿ, ನೂಲು ಇಟ್ಟರೆ ತಪ್ಪೇ?

ಉತ್ತರ: ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ನಾಲ್ಕಕ್ಕೂ ದಾರಿ ಅಲ್ಲಿಂದಲೇ ಇದೆ. ಈ ಹಕ್ಕಿ ಗಂಟು ಹಾಕುವುದಿಲ್ಲ. ಹಾಕುತ್ತದೆ ಎಂದು ಪಠ್ಯಪುಸ್ತಕಗಳಲ್ಲಿ ಓದಿದವರು ಬಹಳ ಮಂದಿ ಇದ್ದಾರೆ, ಹೊಲಿಗೆ ಎಂದ ಮೇಲೆ ಕೊನೆಗೊಂದು ಗಂಟು ಇರಲೇಬೇಕು ಎಂದು ಊಹಿಸಿಕೊಂಡವರು ಇನ್ನೂ ಹೆಚ್ಚು.

ನೀವು ಕಂಡದ್ದು ಸಿಂಪಿಗ. ಟುವ್ವಿ ಹಕ್ಕಿ, ದರ್ಜಿ ಹಕ್ಕಿ ಎಂದರೂ ಇದೇ. ಬೆನ್ನು ಎಲೆ ಹಸಿರು, ನೆತ್ತಿ ತುಕ್ಕಿನ ಕೆಂಪು, ಹೊಟ್ಟೆ ಮಾಸಲು ಬಿಳಿ, ಸದಾ ನೆಟ್ಟಗೆ ನಿಂತ ಬಾಲ. ತೂಕ 6ರಿಂದ 10 ಗ್ರಾಂ. ಪಾಕಿಸ್ತಾನದಿಂದ ದಕ್ಷಿಣ ಚೀನಾದವರೆಗೆ, ಶ್ರೀಲಂಕಾದಿಂದ ಜಾವಾದವರೆಗೆ ಇದರ ನೆಲೆ. ಥಾಮಸ್ ಪೆನಂಟ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು 1769ರಲ್ಲಿ. ಆಕಾರಕ್ಕೆ ಹೊಂದದಷ್ಟು ದೊಡ್ಡ ದನಿ ಇದರದು. ಗಂಡು ಎದೆ ಸೆಟೆಸಿ ‘ಟುವ್ವೀ ಟುವ್ವೀ’ ಎಂದು ಒಂದೇ ಸಮನೆ ಕೂಗುವಾಗ ಕತ್ತಿನ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿಯೊಂದು ಮಿಂಚಿ ಮಾಯವಾಗುತ್ತದೆ. ಅದು ಗರಿಯಲ್ಲ, ಗರಿಗಳ ನಡುವೆ ಅಡಗಿದ ಬರಿಯ ಚರ್ಮ. ಕತ್ತು ಉಬ್ಬಿದಾಗ ಮಾತ್ರ ಕಾಣುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಬಾಲದ ನಡುವಿನ ಎರಡು ಗರಿಗಳು ಉದ್ದವಾಗುತ್ತವೆ. ಹೊಲಿಯುವ ಕೆಲಸ ಬಹುಪಾಲು ಹೆಣ್ಣಿನದು.

ಈಗ ಹೊಲಿಗೆಯ ವಿಷಯ. ಮರಿಗಳು ಹಾರಿಹೋಗಿ, ಎಲೆ ಉದುರಿ ಬಿದ್ದ ಹಳೆಯ ಗೂಡು ಸಿಕ್ಕರೆ ಮಸೂರ ಹಿಡಿದು ನೋಡಿ. ಎಲೆಯ ಅಂಚಿನಿಂದ ತುಸು ಒಳಗೆ, ಸೂಜಿಮೊನೆ ಹೋಗುವಷ್ಟು ಸಣ್ಣ ತೂತುಗಳು ಸಾಲಾಗಿರುತ್ತವೆ. ಪ್ರತಿ ತೂತಿನಿಂದ ಬಿಳಿ ನಾರಿನ ಕುಚ್ಚೊಂದು ಹೊರಕ್ಕೆ ಉಬ್ಬಿಕೊಂಡಿರುತ್ತದೆ. ಅದನ್ನು ಚಿಮುಟದಿಂದ ಮೆಲ್ಲಗೆ ಎಳೆದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆಯೇ ಹೊರತು ಒಳಗೆ ಎಲ್ಲಿಯೂ ಕುಣಿಕೆ ಸಿಗುವುದಿಲ್ಲ. ಆ ಕುಚ್ಚು ಹತ್ತಿಯದಾಗಿರಬಹುದು, ಬೂರುಗದ ಅರಳೆಯದಾಗಿರಬಹುದು, ಜೇಡರ ಬಲೆಯ ಅಥವಾ ಹುಳುವಿನ ಗೂಡಿನ ರೇಷ್ಮೆಯಾಗಿರಬಹುದು. ಹೆಚ್ಚಿನ ಸಲ ಇವೆಲ್ಲದರ ಬೆರಕೆ.

ಹಕ್ಕಿ ಮಾಡುವುದು ಇಷ್ಟು. ಎರಡು ಎಲೆಗಳ ಅಂಚನ್ನು ಹತ್ತಿರ ತಂದು, ತೆಳ್ಳನೆಯ ಮೊನಚು ಕೊಕ್ಕಿನಿಂದ ಚುಚ್ಚುತ್ತದೆ. ತಂದ ನಾರನ್ನು ತೂತಿನಲ್ಲಿ ತೂರಿಸಿ ಎಳೆಯುತ್ತದೆ. ತೂರುವಾಗ ಹಿಂಡಿಕೊಂಡಿದ್ದ ನಾರು ಆಚೆ ಬದಿಗೆ ಬಂದೊಡನೆ ಅರಳಿ ಅಗಲವಾಗುತ್ತದೆ. ಅಗಲವಾದ ಮೇಲೆ ಅದೇ ತೂತಿನಲ್ಲಿ ಹಿಂದಕ್ಕೆ ಜಾರಲು ಅದಕ್ಕೆ ಆಗದು. ಎರಡು ತಗಡುಗಳನ್ನು ಜೋಡಿಸುವ ರಿವೆಟ್ ಕೆಲಸ ಮಾಡುವುದು ಇದೇ ತತ್ವದ ಮೇಲೆ: ನಡುವೆ ಸಣಕಲು, ಎರಡೂ ಕಡೆ ದಪ್ಪ ತಲೆ. ಜೇಡರ ರೇಷ್ಮೆ ಇದ್ದರೆ ಇನ್ನೂ ಎರಡು ಲಾಭ. ಒಂದು, ಅದು ಅಂಟುತ್ತದೆ. ಎರಡು, ಅದು ಹಿಗ್ಗುತ್ತದೆ. ಗಾಳಿಗೆ ಎಲೆಗಳು ಅತ್ತಿತ್ತ ಎಳೆದಾಡಿದರೆ ತೂತು ಹರಿಯುವ ಬದಲು ನಾರು ತುಸು ಎಳೆದುಕೊಂಡು ಮತ್ತೆ ಮೊದಲಿನಂತಾಗುತ್ತದೆ.

ಉದ್ದನೆಯ ಒಂದೇ ದಾರ ಇಲ್ಲಿ ಓಡುವುದಿಲ್ಲ ಎಂಬುದನ್ನೂ ಗಮನಿಸಿ. ಸಾಮಾನ್ಯವಾಗಿ ಒಂದೊಂದು ತೂತಿಗೂ ಅದರದ್ದೇ ನಾರು. ಕೆಲವೊಮ್ಮೆ ಒಂದರ ನಾರು ಮುಂದುವರಿದು ಪಕ್ಕದ ತೂತಿಗೂ ಹೋಗಿರುತ್ತದೆ. ಅಂಥ ಕಡೆ ನೋಡಿದವರಿಗೆ ನಿಜವಾದ ಹೊಲಿಗೆಯೇ ಎನಿಸುತ್ತದೆ. 19ನೇ ಶತಮಾನದ ದೊಡ್ಡ ಪಕ್ಷಿತಜ್ಞ ಥಾಮಸ್ ಜೆರ್ಡನ್ ಕೂಡ ಈ ಹಕ್ಕಿ ಗಂಟು ಹಾಕುತ್ತದೆ ಎಂದೇ ಬರೆದರು. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂತು. ಆಮೇಲೆ ಶ್ರೀಲಂಕಾದಲ್ಲಿ ಈ ಗೂಡುಗಳನ್ನು ಬಿಡಿಸಿ ಪರೀಕ್ಷಿಸಿದ ಕೇಸಿ ವುಡ್ ಹಕ್ಕಿಯ ಕೆಲಸವನ್ನು ಹೊಲಿಯುವುದು, ರಿವೆಟ್ ಹಾಕುವುದು, ಲೇಸ್ ಹೆಣೆಯುವುದು, ನಾರನ್ನು ಒತ್ತಿ ಹಾಸುವುದು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ವುಡ್ ವೃತ್ತಿಯಿಂದ ಕಣ್ಣಿನ ವೈದ್ಯರು. ಸೂಕ್ಷ್ಮ ಹೊಲಿಗೆಯ ಬಗ್ಗೆ ಮಾತಾಡಲು ಅವರಿಗಿಂತ ಯೋಗ್ಯರು ಸಿಗುವುದು ಕಷ್ಟ ಎಂದು ನನಗೆ ಅನಿಸುತ್ತದೆ.

ಗಂಟು ಹಾಕುವ ಹಕ್ಕಿ ಬೇಕಿದ್ದರೆ ಗೀಜಗನ ಬಳಿ ಹೋಗಬೇಕು. ಜನ ಇವೆರಡನ್ನೂ ಒಂದೇ ಎಂದುಕೊಳ್ಳುವುದು ನನಗೆ ಬರುವ ಪತ್ರಗಳಲ್ಲಿ ಎದ್ದು ಕಾಣುತ್ತದೆ, ಆದರೆ ಇವುಗಳ ಕಸುಬು ಬೇರೆ ಬೇರೆ. ಗೀಜಗ ಭತ್ತದ ಗರಿ, ಹುಲ್ಲುಗಳಿಂದ ಸುಮಾರು 20ರಿಂದ 60 ಸೆಂಟಿಮೀಟರ್ ಉದ್ದದ ಪಟ್ಟಿ ಸೀಳಿ ತಂದು ನೇಯುತ್ತದೆ. ಅಷ್ಟು ಉದ್ದದ ಪಟ್ಟಿಯನ್ನು ಕಾಲಿನಲ್ಲಿ ಅದುಮಿ ಹಿಡಿದು, ಕೊಕ್ಕಿನಿಂದ ಸುತ್ತಿ, ಕುಣಿಕೆಯೊಳಗೆ ತೂರಿಸಬಹುದು. ಅಲ್ಲಿ ನೇಯುವವನು ಗಂಡು. ಸಿಂಪಿಗದ ಕೈಗೆ ಸಿಗುವುದು ಮೋಟು ನಾರು. ಗಂಟು ಹಾಕಲು ತುದಿಯೇ ಉಳಿಯುವುದಿಲ್ಲ. ಹಾಗಾಗಿ ಅದು ಗಂಟಿಲ್ಲದೆಯೇ ನಿಲ್ಲುವ ಉಪಾಯವನ್ನು ಹಿಡಿಯಿತು. ಮೊಬೈಲ್‌ನಲ್ಲಿ ಹರಿದಾಡುವ ಕೆಲವು ಚಿತ್ರಗಳಲ್ಲಿ ಎಲೆಗಳ ಅಂಚಿಗೆ ಅಚ್ಚುಕಟ್ಟಾದ ನೂಲಿನ ಹೊಲಿಗೆ, ಕೊನೆಗೆ ಮುದ್ದಾದ ಗಂಟು ಇರುತ್ತದೆ. ಅದು ಮನುಷ್ಯನ ಕೈವಾಡ. ದಯವಿಟ್ಟು ಅವನ್ನು ನನಗೆ ಕಳಿಸಬೇಡಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡುತ್ತೇನೆ. ಹಲವು ಎಲೆಗಳು ಒಟ್ಟಾಗಿ ಚೆಂಡಿನಂತೆ ಮುದುಡಿ, ನಡುವೆ ಬಿಳಿಯ ತೆಳು ಪೊರೆ ಕಂಡರೆ ಅದು ಚಗಳಿ ಇರುವೆಯ ಗೂಡು. ಆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಸೂಸುವ ರೇಷ್ಮೆಯಿಂದ ಎಲೆಗಳನ್ನು ಅಂಟಿಸುತ್ತವೆ. ಅಲ್ಲಿ ತೂತು ಇರುವುದಿಲ್ಲ. ಮುಟ್ಟಿ ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ, ಆ ವಿಧಾನವನ್ನು ನಾನು ಶಿಫಾರಸು ಮಾಡುವುದಿಲ್ಲ.

ಎಲೆ ಒಣಗುವುದಿಲ್ಲವೇ ಎಂಬ ಎರಡನೆಯ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಸಿಂಪಿಗದ ಗೂಡಿನ ಬಗ್ಗೆ ಬೆರಗಾಗುವವರು ಹೊಲಿಗೆಯನ್ನು ನೋಡಿ ಬೆರಗಾಗುತ್ತಾರೆ; ನಿಜವಾದ ಜಾಣ್ಮೆ ಇರುವುದು ಹೊಲಿಯಲು ಆರಿಸಿಕೊಂಡ ವಸ್ತುವಿನಲ್ಲಿ. ಬೇರೆ ಹಕ್ಕಿಗಳು ಒಣಕಡ್ಡಿ, ಒಣಹುಲ್ಲು, ಬೇರು ತಂದು ಗೂಡು ಕಟ್ಟುತ್ತವೆ, ಅಂದರೆ ಸತ್ತ ವಸ್ತುವಿನಿಂದ. ಇದು ಗಿಡದ ಮೇಲೆಯೇ ಇರುವ ಜೀವಂತ ಎಲೆಯನ್ನು ಗೂಡಿನ ಗೋಡೆ ಮಾಡಿಕೊಳ್ಳುತ್ತದೆ. ತೊಟ್ಟು ಹಾಗೇ ಇರುತ್ತದೆ, ನಡುನರ ಹಾಗೇ ಇರುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ತೂತುಗಳು ಅಂಚಿನಲ್ಲಿವೆ, ಅಲ್ಲಿ ಇರುವುದು ಕವಲಿನ ಕವಲಾದ ಕಿರುನರಗಳು ಮಾತ್ರ, ಒಂದೆರಡು ತುಂಡಾದರೂ ಪಕ್ಕದ ಜಾಲ ಆ ಜಾಗಕ್ಕೆ ನೀರುಣಿಸುತ್ತದೆ. ತೂತು ಎಷ್ಟು ಸಣ್ಣದೆಂದರೆ ಅದರ ಸುತ್ತ ಎಲೆ ಕಂದುಬಣ್ಣಕ್ಕೆ ತಿರುಗುವುದೂ ಇಲ್ಲ. ಕಂದು ಕಲೆಗಳ ಸಾಲು ಮೂಡಿದ್ದರೆ ಎಷ್ಟೋ ದೂರದಿಂದ ಗೂಡು ಪತ್ತೆಯಾಗುತ್ತಿತ್ತು.

ನಿಮ್ಮ ಗಿಡದಲ್ಲಿ ಎಲೆಯ ಯಾವ ಮೈ ಹೊರಗಿದೆ ಎಂದು ದೂರದಿಂದಲೇ ನೋಡಿ. ಮೇಲ್ಮೈ ಹೊರಗಿರುತ್ತದೆ, ಮಾಸಲು ಬಣ್ಣದ ಅಡಿಮೈ ಒಳಗಿರುತ್ತದೆ. ತಿರುವುಮುರುವಾಗಿದ್ದರೆ ಗಾಢ ಹಸಿರಿನ ನಡುವೆ ಒಂದು ತಿಳಿ ಮಚ್ಚೆ ಎದ್ದು ಕಾಣುತ್ತಿತ್ತು. ಗಿಡದ ಬೇರೆ ಎಲೆಗಳು ಹೇಗೆ ಮುಖ ಮಾಡಿವೆಯೋ ಗೂಡೂ ಹಾಗೆಯೇ ಮುಖ ಮಾಡಿರುವುದರಿಂದ ಕಾಗೆಗೂ ಕೆಂಬೂತಕ್ಕೂ ಅದು ಸುಮ್ಮನೆ ಜೋತುಬಿದ್ದ ಎಲೆ. ಮಳೆನೀರೂ ಎಲೆಗಳ ಮೇಲೆ ಜಾರಿ ಕೆಳಗಿಳಿಯುತ್ತದೆ. ಭಾರತದಲ್ಲಿ ಇವು ಮರಿ ಮಾಡುವ ಕಾಲ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಚಾಚಿಕೊಂಡಿದ್ದರೂ ಜೂನ್‌ನಿಂದ ಆಗಸ್ಟ್‌ ಅದರ ಭರಾಟೆಯ ತಿಂಗಳುಗಳು, ಅಂದರೆ ಮಳೆಗಾಲ. ಮಳೆ ಬಿದ್ದರೆ ಹುಳುಹುಪ್ಪಟೆಗೆ ಬರವಿಲ್ಲ, ಅಗಲವಾದ ಹೊಸ ಎಲೆಗಳಿಗೂ ಬರವಿಲ್ಲ.

ಎಲೆಗಳ ಜೋಳಿಗೆಯೇ ಗೂಡು ಎಂದುಕೊಳ್ಳಬೇಡಿ. ಅದು ಹೊರಕವಚ. ಮೊಟ್ಟೆ ಇರುವ ಆಳವಾದ ಬಟ್ಟಲು ಅದರೊಳಗೆ ಬೇರೆಯೇ ಇರುತ್ತದೆ. ಮೆತ್ತನೆಯ ಅರಳೆ, ನಾರುಗಳನ್ನು ಒತ್ತಿ ಹಾಸಿ ಮಾಡಿದ್ದು. ಕವಚದ ವಿಷಯದಲ್ಲಿ ಹಕ್ಕಿ ಹಟ ಹಿಡಿಯುವುದಿಲ್ಲ. ಎಲೆ ದೊಡ್ಡದಿದ್ದರೆ ಒಂದನ್ನೇ ಸುರುಳಿ ಮಾಡಿ ಅದರ ಎರಡು ಅಂಚುಗಳನ್ನು ಕೂಡಿಸುತ್ತದೆ. ಸಾಧಾರಣ ಎಲೆಯಾದರೆ ಎರಡು. ಚಿಕ್ಕವಾದರೆ ಹಲವು ಎಲೆಗಳನ್ನು ಒಂದರ ಮೇಲೊಂದು ಬರುವಂತೆ ಕೂಡಿಸುತ್ತದೆ. ಎಲೆಯ ಕವಚವೇ ಇಲ್ಲದ, ದಟ್ಟ ಪೊದೆಯೊಳಗೆ ಬರಿಯ ಬಟ್ಟಲಷ್ಟೇ ಇರುವ ಗೂಡುಗಳೂ ದಾಖಲಾಗಿವೆ.

ಈ ವೈವಿಧ್ಯ ನಿಮ್ಮ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಕಲಿಸುವವರು ಯಾರೂ ಇಲ್ಲ. ಮರಿ ಮೊಟ್ಟೆಯೊಡೆದು ಕಣ್ಣು ಬಿಡುವ ಹೊತ್ತಿಗೆ ಗೂಡು ಮುಗಿದು ಎರಡು ವಾರವಾದರೂ ಕಳೆದಿರುತ್ತದೆ. ತಾಯಿ ಎಲೆ ಚುಚ್ಚುವುದನ್ನು ಅದು ನೋಡಿರುವುದೇ ಇಲ್ಲ. ನೋಡಿದ್ದು ಗೂಡಿನ ಒಳಗೋಡೆಯನ್ನು ಮಾತ್ರ. ಆದರೂ ಮುಂದೆ ಹೆಣ್ಣುಮರಿ ಬೆಳೆದು ತನ್ನ ಪಾಳಿ ಬಂದಾಗ ಚುಚ್ಚುತ್ತದೆ, ತೂರಿಸುತ್ತದೆ. ಕೊಕ್ಕಿನ ಈ ಮೂಲ ಚಲನೆಗಳು ಹುಟ್ಟಿನೊಂದಿಗೇ ಬಂದವು ಎನ್ನದೆ ಬೇರೆ ದಾರಿಯಿಲ್ಲ. ಹಾಗೆಂದು ಎಲ್ಲವೂ ಯಂತ್ರದ ಕೆಲಸವೂ ಅಲ್ಲ. ಯಾವ ಎಲೆ, ಎಷ್ಟು ಎಲೆ, ಎಲ್ಲಿ ಚುಚ್ಚಬೇಕು, ಹರಿದರೆ ಮುಂದೇನು ಎಂಬುದನ್ನು ಪ್ರತಿ ಗಿಡದ ಮುಂದೆಯೂ ಹೊಸದಾಗಿ ತೀರ್ಮಾನಿಸಬೇಕು, ಏಕೆಂದರೆ ಒಂದೇ ಅಳತೆಯ, ಒಂದೇ ಕೋನದ ಎರಡು ಎಲೆಗಳು ಅದಕ್ಕೆ ಎರಡನೆಯ ಸಲ ಸಿಗುವುದಿಲ್ಲ. ಆಫ್ರಿಕಾದ ನೇಕಾರ ಹಕ್ಕಿಗಳನ್ನು ಸಾಕಿ ನೋಡಿದ ನಿಕೋಲಸ್ ಮತ್ತು ಎಲ್ಸಿ ಕೊಲಿಯಸ್ ದಂಪತಿ, ಎಳೆಯ ಹಕ್ಕಿಗಳ ನೇಯ್ಗೆ ಒರಟಾಗಿರುತ್ತದೆ, ಅಭ್ಯಾಸದಿಂದ ಹದಕ್ಕೆ ಬರುತ್ತದೆ ಎಂದು ತೋರಿಸಿದ್ದರು. ಸಿಂಪಿಗವೂ ಆ ಮಾತಿಗೆ ಹೊರತಾಗಿರಲಾರದು ಎಂಬುದು ನನ್ನ ಅಭಿಪ್ರಾಯ.

ಅಂದಹಾಗೆ ಈ ಕಸುಬು ಸಿಂಪಿಗವೊಂದರ ಸೊತ್ತಲ್ಲ. ಅದರ ಹತ್ತಿರದ ನೆಂಟ ಬೂದು ಉಲಿಯಕ್ಕಿಯೂ ಎಲೆಗಳನ್ನು ಕೂಡಿಸಿ ಗೂಡು ಮಾಡುತ್ತದೆ. ನಿಮ್ಮ ಹಕ್ಕಿಗೆ ಬೆನ್ನು ಬೂದು, ಹೊಟ್ಟೆ ತಿಳಿಕಂದು ಇದ್ದರೆ ಅದೇ ಇರಬೇಕು. ಅದೇ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯಾದವರೆಗೂ ಹರಡಿರುವ ಹೊಂದಲೆಯ ಸಿಸ್ಟಿಕೋಲ ಕೂಡ ಜೇಡರ ರೇಷ್ಮೆಯಿಂದ ಹಸಿ ಎಲೆಗಳನ್ನು ಹೊಲಿಯುವುದರಲ್ಲಿ ಪಳಗಿದ ಕೈ. ಇನ್ನೊಂದೆಡೆ ಬೆಟ್ಟದ ಸಿಂಪಿಗವೆಂದು ಕರೆಸಿಕೊಳ್ಳುವ ಹಕ್ಕಿ ನಿಜವಾದ ಸಿಂಪಿಗವೇ ಅಲ್ಲ, ಬೇರೆ ಕುಟುಂಬದ್ದು ಎಂದು ಡಿಎನ್‌ಎ ಪರೀಕ್ಷೆ ತೋರಿಸಿತು. ಸಿಂಪಿಗಗಳ ಬಳಗಕ್ಕೆ 2013ರಲ್ಲಿ ಹೊಸ ಪ್ರಭೇದವೊಂದು ಸೇರಿತು, ಕಾಂಬೋಡಿಯಾದಲ್ಲಿ. ದಟ್ಟ ಕಾಡಿನಲ್ಲಲ್ಲ, ರಾಜಧಾನಿ ನಾಮ್ ಪೆನ್ ನಗರದ ಸೆರಗಿನ ಪೊದೆಗಳಲ್ಲಿ! ಹಕ್ಕಿಜ್ವರದ ತಪಾಸಣೆಗಾಗಿ 2009ರಲ್ಲಿ ಹಕ್ಕಿಗಳನ್ನು ಹಿಡಿಯುತ್ತಿದ್ದಾಗ ಅದು ಮೊದಲು ಕಣ್ಣಿಗೆ ಬಿದ್ದಿತ್ತು.

ನಿಮ್ಮ ಹಳದಿ ಎಲೆಗೆ ಬರುತ್ತೇನೆ. ಮೇಲೆ ಹೇಳಿದಂತೆ ಹೊಲಿಗೆಯಿಂದ ಎಲೆ ಹಳದಿಯಾಗುವುದಿಲ್ಲ. ಬದನೆಯ ಕೆಳಗಿನ ಎಲೆಗಳು ವಯಸ್ಸಾದಂತೆ ಹಳದಿಯಾಗಿ ಉದುರುವುದು ಗಿಡದ ಸ್ವಭಾವ. ನೀರು ಹೆಚ್ಚಾದರೂ ಕಡಿಮೆಯಾದರೂ ಅದು ಬೇಗ ಆಗುತ್ತದೆ. ಆದ್ದರಿಂದ ಗಿಡವನ್ನು ನೋಡಿಕೊಳ್ಳಿ, ಗೂಡನ್ನಲ್ಲ. ಬುಡಕ್ಕೆ ಹದವಾಗಿ ನೀರು ಹಾಕಿ, ಮೇಲಿನಿಂದ ಚಿಮುಕಿಸಬೇಡಿ. ಕುಂಡವನ್ನು ಕದಲಿಸಬೇಡಿ, ತಿರುಗಿಸಲೂ ಬೇಡಿ. ಕೀಟನಾಶಕವಂತೂ ಕೂಡದು, ಮರಿಗಳಿಗೆ ಉಣಿಸುವುದು ಆ ಕೀಟಗಳನ್ನೇ. ಎಲೆಗೆ ದಾರ ಸುತ್ತುವ ಯೋಚನೆಯನ್ನು ಬಿಟ್ಟುಬಿಡಿ. ಆ ಜೋಡಣೆ ನಿಂತಿರುವುದು ನಾರು ತೂತಿನಲ್ಲಿ ಬಿಗಿಯಾಗಿ ಕೂತಿರುವುದರಿಂದ ಮಾತ್ರ. ಒಂದು ಸಲ ಎಲೆಯನ್ನು ಹಿಡಿದು ಬಾಗಿಸಿದರೆ ಸಾಲು ಸಾಲಾಗಿ ಕಿತ್ತುಬರಬಹುದು. ಚಿತ್ರ ತೆಗೆಯಲೆಂದು ಎಲೆ ಸರಿಸಿ ಇಣುಕುವವರ ಮೇಲೆ ನನಗೆ ಕೋಪ ಬರುವುದು ಇದೇ ಕಾರಣಕ್ಕೆ. ತೊಟ್ಟು ಸೋಲುತ್ತಿರುವುದು ಸ್ಪಷ್ಟವಾಗಿ ಕಂಡರೆ, ತಾಯಿ ಇಲ್ಲದ ಹೊತ್ತಿನಲ್ಲಿ, ಎಲೆಯನ್ನು ಮುಟ್ಟದೆ, ಅದು ಹುಟ್ಟಿದ ಕೊಂಬೆಗೆ ಒಂದು ಊರುಗೋಲು ಕೊಡಿ. ಅಷ್ಟೇ.

ಮರಿಗಳಿರುವಾಗ ಗೂಡು ಕೆಳಗೆ ಬಿದ್ದರೆ ಕೈ ಚೆಲ್ಲಬೇಡಿ. ತಳದಲ್ಲಿ ನೀರು ಬಸಿಯುವ ತೂತುಗಳಿರುವ ಪುಟ್ಟ ಬುಟ್ಟಿಯಲ್ಲಿ ಗೂಡನ್ನು ಹಾಗೇ ಇಟ್ಟು, ಅದೇ ಗಿಡದಲ್ಲಿ ಮೊದಲಿದ್ದ ಎತ್ತರದಲ್ಲಿ ಎಲೆಗಳ ಮರೆಯಲ್ಲಿ ಕಟ್ಟಿ ದೂರ ಸರಿಯಿರಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಗಳನ್ನು ಬಿಟ್ಟುಹೋಗುತ್ತದೆ ಎಂಬುದು ಸುಳ್ಳು. ಜಾಗ ಬದಲಾಯಿಸಿ ತಂದಿಟ್ಟ ಬೇರೆ ಜೋಡಿಯ ಗೂಡಿನಲ್ಲಿದ್ದ ಮರಿಗಳನ್ನು ಸಿಂಪಿಗದ ಜೋಡಿಯೊಂದು ತಮ್ಮದಾಗಿಸಿಕೊಂಡು ಸಾಕಿದ ಪ್ರಸಂಗವೂ ದಾಖಲಾಗಿದೆ. ಮರಿಯ ಚಿಲಿಪಿಲಿ ಕೇಳಿದರೆ ತಾಯಿತಂದೆ ಸಾಮಾನ್ಯವಾಗಿ ಹುಡುಕಿಕೊಂಡು ಬರುತ್ತವೆ.

ಎಷ್ಟು ದಿನ ಕಾಯಬೇಕು ಎಂದು ನೀವು ಕೇಳಿಲ್ಲ, ಆದರೂ ಲೆಕ್ಕ ಹೇಳುತ್ತೇನೆ. ಸಾಮಾನ್ಯವಾಗಿ ಮೂರು ಮೊಟ್ಟೆ, ಕೆಲವೊಮ್ಮೆ ಹೆಚ್ಚು. ಕಾವು ಸುಮಾರು 12 ದಿನ. ಮರಿ ಗೂಡು ಬಿಡಲು ಇನ್ನೂ ಸುಮಾರು 14 ದಿನ. ಈ ಅವಧಿಯಲ್ಲಿ ಗಂಡೂ ಹೆಣ್ಣೂ ಉಣಿಸುತ್ತವೆ, ಮರಿಗಳ ಹಿಕ್ಕೆಯನ್ನು ಹೊರಗೆ ಸಾಗಿಸುತ್ತವೆ. ಒಟ್ಟಿನಲ್ಲಿ ಒಂದು ತಿಂಗಳು ಆ ಮೂಲೆಯನ್ನು ಮರೆತುಬಿಡಿ. ಕೊನೆಯ ದಿನಗಳಲ್ಲಿ ಮಾತ್ರ ಇನ್ನಷ್ಟು ದೂರವಿರಿ, ಏಕೆಂದರೆ ಗರಿ ಬಲಿಯುವ ಮೊದಲೇ ಗಾಬರಿಗೊಂಡು ಹೊರಗೆ ಜಿಗಿದ ಮರಿ ಬೆಕ್ಕಿನ ಪಾಲು. ಬೆಕ್ಕು, ಇಲಿ, ಓತಿಕ್ಯಾತ, ಕೆಂಬೂತ ಇವುಗಳಿಂದ ಮೊಟ್ಟೆಮರಿಗಳ ಸಾವು ಈ ಹಕ್ಕಿಯಲ್ಲಿ ಹೆಚ್ಚೇ. ಹಾಗೆಂದೇ ಒಂದು ಗೂಡು ಕೆಟ್ಟರೆ ಜೋಡಿ ಮತ್ತೆಲ್ಲೋ ಇನ್ನೊಂದು ಕಟ್ಟುವುದುಂಟು. ಗೂಡಿನ ಗಾತ್ರಕ್ಕೆ ಮೀರಿದ ಒಂದೇ ಒಂದು ಮರಿ ಬಾಯ್ತೆರೆದು ಕೂತಿದ್ದರೆ ಅದು ಕೋಗಿಲೆಯ ಬಳಗದ ಪುಟ್ಟ ಹಕ್ಕಿಯೊಂದರ ಮರಿ. ಅವು ಸಿಂಪಿಗದ ಗೂಡಿನಲ್ಲಿಯೂ ಮೊಟ್ಟೆಯಿಟ್ಟು ಹೋಗುತ್ತವೆ. ಅದರಲ್ಲಿ ನೀವು ತಲೆಹಾಕಬೇಡಿ.

ಹತ್ತಿ ಇಡುವ ವಿಷಯ. ಇದರ ಬಗ್ಗೆ ಹಿಂದೆಯೇ ಎರಡು ಅಭಿಪ್ರಾಯಗಳಿದ್ದವು. ಹತ್ತಿ ಕೊಟ್ಟರೂ ಹಕ್ಕಿ ಮೂಸಲಿಲ್ಲ ಎಂದು ಒಬ್ಬ ವೀಕ್ಷಕರು ಬರೆದರೆ, ತಾವು ಇಟ್ಟ ಹತ್ತಿಯನ್ನು ಅದು ಗೂಡಿಗೆ ಬಳಸಿತು ಎಂದು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ದಾಖಲಿಸಿದರು. ಇಡಲೇಬೇಕೆಂದಿದ್ದರೆ ಬಣ್ಣ, ಔಷಧಿ ಏನೂ ಸೋಕದ ಅರಳೆಯನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ, ಗೂಡಿನಿಂದ ದೂರದ ಕೊಂಬೆಯ ಕವಲಿನಲ್ಲಿ ಸಿಕ್ಕಿಸಿಡಿ. ನೂಲು ಬೇಡ. ಹೊಲಿಗೆಯಂತ್ರದ ದಾರ, ನೈಲಾನ್ ಎಳೆ, ಬಾಚಣಿಗೆಯಿಂದ ತೆಗೆದ ಉದ್ದ ಕೂದಲು ಇವ್ಯಾವುವೂ ಬೇಡ. ಹಕ್ಕಿ ಅವನ್ನು ಒಯ್ಯುವುದೇನೋ ಒಯ್ಯಬಹುದು. ಆದರೆ ಅವು ಹರಿಯುವುದಿಲ್ಲ, ಕೊಳೆಯುವುದಿಲ್ಲ. ಬೆಳೆಯುವ ಮರಿಯ ಕಾಲಿಗೆ ಸುತ್ತಿಕೊಂಡರೆ ದಿನದಿಂದ ದಿನಕ್ಕೆ ಬಿಗಿಯಾಗಿ ರಕ್ತವೇ ಹರಿಯದಂತಾಗುತ್ತದೆ, ಹಾರುವ ದಿನ ಬಂದಾಗ ಮರಿ ಗೂಡಿಗೇ ಕಟ್ಟಿಹಾಕಿದಂತಾಗುತ್ತದೆ.

ನಿಮ್ಮ ಹಕ್ಕಿ ಈಗಾಗಲೇ ಒಳಹಾಸು ತುಂಬಿಕೊಂಡಿದೆ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಹತ್ತಿಯ ಅಗತ್ಯ ಅದಕ್ಕೆ ಹೆಚ್ಚಿಲ್ಲ. ಬೇಕಾಗುವುದು ಸಡಿಲಗೊಂಡ ಕಡೆ ಮತ್ತೆ ತುರುಕಲು ಒಂದಿಷ್ಟು ಜೇಡರ ರೇಷ್ಮೆ. ಅದನ್ನು ಕೊಳ್ಳಬೇಕಾಗಿಲ್ಲ, ಇಡಬೇಕಾಗಿಯೂ ಇಲ್ಲ. ಕಿಟಕಿಯ ಸಂದಿ, ಗೋಡೆಯ ಮೂಲೆ, ಕುಂಡಗಳ ನಡುವಿನ ಬಲೆಗಳನ್ನು ಈ ಒಂದು ತಿಂಗಳು ಗುಡಿಸದೆ ಬಿಡಿ. ಮನೆಯವರು ಆಕ್ಷೇಪಿಸಿದರೆ ಈ ಉತ್ತರವನ್ನು ತೋರಿಸಬಹುದು.